ಹದಿಮೂರು ಸಾವಿರದ ಎಂಟುನೂರು ಪಟ್ಟಿ

ಆ ಮಗ್ಗವನ್ನು ಕಾರ್ಖಾನೆಯಲ್ಲಿ ಎಲ್ಲರೂ ‘ಅಜ್ಜಿ’ ಎಂದು ಕರೆಯುತ್ತಿದ್ದರು. ಪ್ರೀತಿಗೇನೂ ಅಲ್ಲ. ಸದ್ದು ಜಾಸ್ತಿ, ಕೆಲಸ ನಿಧಾನ, ತಿಂಗಳಿಗೊಮ್ಮೆ ಎಲ್ಲಾದರೂ ಒಂದು ಕೀಲು ಹಿಡಿದುಕೊಳ್ಳುವುದು ಗ್ಯಾರಂಟಿ; ಅದಕ್ಕೇ ಆ ಹೆಸರು. ಉಳಿದ ಹನ್ನೊಂದು ಮಗ್ಗಗಳು ಹೊಸವು. ಗುಂಡಿ ಒತ್ತಿದರೆ ತಾವೇ ನೇಯುತ್ತವೆ, ತಾವೇ ನಿಲ್ಲುತ್ತವೆ. ಅಜ್ಜಿಯ ನೆತ್ತಿಯ ಮೇಲೆ ಮಾತ್ರ ಮೂರು ಕಬ್ಬಿಣದ ಸರಪಳಿಗಳು ಜೋತುಬಿದ್ದಿದ್ದವು, ಒಂದೊಂದರಲ್ಲೂ ಇಪ್ಪತ್ತನಾಲ್ಕು ಕೊಂಡಿ. ಒಂದು ಸೆಂಟಿಮೀಟರಿನ ಒಂದು ಪಟ್ಟಿ ನೇಯ್ದು ಮುಗಿದಾಗ ಮೂರೂ ಸರಪಳಿಗಳು ಟಕ್ಕೆಂದು ಒಂದೊಂದು ಕೊಂಡಿ ಮುಂದೆ ಸರಿಯುತ್ತವೆ. ಆ ಕೊಂಡಿಯ ಮೇಲೆ ಮೊಳೆ ಇದೆಯೋ ಇಲ್ಲವೋ ಎನ್ನುವುದರ ಮೇಲೆ ಮುಂದಿನ ಪಟ್ಟಿಯ ಹಣೆಬರಹ. ಮೊದಲನೇ ಸರಪಳಿ ಬಟ್ಟೆಯ ನೆಲದ ಬಣ್ಣ, ಅಂದರೆ ಹಿನ್ನೆಲೆ, ನೀಲಿಯೋ ಬೂದಿಯೋ ಎಂದು ಹೇಳುತ್ತದೆ, ಎರಡನೆಯದು ಹಳದಿ ಗೆರೆ ಬೇಕೋ ಬೇಡವೋ ಎಂದು, ಮೂರನೆಯದು ಉಬ್ಬು ಚುಕ್ಕೆ ಹಾಕಲೋ ಬಿಡಲೋ ಎಂದು.

ಈ ಮೂರು ಸರಪಳಿಗಳ ಯೋಗಕ್ಷೇಮ ನೋಡಿಕೊಳ್ಳುವವಳೇ ಸರಪಳಿಯಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಕಾರ್ಖಾನೆಯ ಯಜಮಾನರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಓದಿದ್ದು ಏಳನೇ ತರಗತಿ, ಅಜ್ಜಿಯ ಜೊತೆ ಏಗಿದ್ದು ಇಪ್ಪತ್ತಾರು ವರ್ಷ. ಯಾವ ಕೊಂಡಿ ಸವೆದಿದೆ ಎಂದು ಕಣ್ಣುಮುಚ್ಚಿ ಸದ್ದಿನ ಮೇಲೆ ಹೇಳಬಲ್ಲವಳು. ಅಂಥವಳಿಗೆ ಒಂದು ಸೋಮವಾರ ಬೆಳಗ್ಗೆ ಮೇಸ್ತ್ರಿ ಬಂದು, ಹವಾಮಾನ ಹೇಳಿದ ಹಾಗೆ ಹೇಳಿದ: “ಅಕ್ಕ, ಮುಂದಿನ ಒಂದನೇ ತಾರೀಖಿಗೆ ಗುಜರಿಯವನು ಬರ್ತಾನೆ. ಅಜ್ಜಿನ ಬಿಚ್ಚಿ ಕೊಟ್ಟುಬಿಡೋದು ಅಂತ ಆಗಿದೆ. ಆ ಜಾಗದಲ್ಲಿ ಪ್ಯಾಕಿಂಗ್ ಟೇಬಲ್ ಹಾಕ್ತಾರಂತೆ. ನಿನ್ನನ್ನ ಬಟ್ಟೆ ಮಡಚೋ ಕಡೆಗೆ ಹಾಕ್ತಾರೆ. ಕೂತ್ಕೊಂಡು ಮಾಡೋ ಕೆಲಸ, ಹಾಯಾಗಿರತ್ತೆ.”

ಹಾಯಾಗಿರುತ್ತದಂತೆ! ಇಪ್ಪತ್ತಾರು ವರ್ಷ ಒಂದು ಯಂತ್ರದ ನಾಡಿ ಹಿಡಿದು ನೋಡಿದವಳಿಗೆ ಬಟ್ಟೆ ಮಡಚು ಎಂದರೆ ಹೇಗಾಗಬೇಡ? ಅವಳು ಎಣ್ಣೆಯ ಡಬ್ಬಿ ತೆಗೆದುಕೊಂಡು ಏಣಿ ಹತ್ತಿದಳು.

ಆರ್ಕಿಟೆಕ್ಟ್ ಮೇಡಂ ಬಂದದ್ದು ಅದೇ ವಾರ. ಎತ್ತರದ ಹೆಂಗಸು, ಕೊರಳಲ್ಲಿ ಅಳತೆಯ ಟೇಪು. ಅವರು ನೂರಿಪ್ಪತ್ತು ಕುರ್ಚಿಗಳ ಒಂದು ಚಿಕ್ಕ ಸಂಗೀತ ಸಭಾಂಗಣ ಕಟ್ಟಿಸುತ್ತಿದ್ದರು. ಕುರ್ಚಿಯೊಂದಕ್ಕೆ ಬೆನ್ನೂ ಸೇರಿ ನೂರಾ ಹದಿನೈದು ಸೆಂಟಿಮೀಟರ್ ಬಟ್ಟೆ. ಅವರ ಷರತ್ತು ಒಂದೇ: ಒಂದು ಕುರ್ಚಿಯ ಮೇಲಿನ ಒಂದು ಮೊಳದ ವಿನ್ಯಾಸ ಬೇರೆ ಯಾವ ಕುರ್ಚಿಯ ಮೇಲೂ ಎಲ್ಲೂ ಮತ್ತೆ ಬರಕೂಡದು.

“ಒಂದು ಸಲ ಬಂದು ಕೂತವರು ಮುಂದಿನ ಸಲ ಬಟ್ಟೆ ನೋಡೇ ತಮ್ಮ ಕುರ್ಚಿ ಗುರುತು ಹಿಡೀಬೇಕು,” ಎಂದರು ಮೇಡಂ.

“ನಂಬರ್ ಬರೆದ್ರೆ ಆಯ್ತಪ್ಪ,” ಎಂದು ಮೇಸ್ತ್ರಿ ಗೊಣಗಿದ, ಅವರಿಗೆ ಕೇಳಿಸದ ಹಾಗೆ, ಆದರೆ ಉಳಿದವರಿಗೆಲ್ಲ ಕೇಳಿಸುವ ಹಾಗೆ.

ಅಚ್ಚು ಹೊಡೆದ ಬಟ್ಟೆ ಬೇಡ, ನೇಯ್ದದ್ದೇ ಬೇಕು ಎನ್ನುವುದು ಇನ್ನೊಂದು ಹಟ. ಹೊಸ ಮಗ್ಗಗಳಿಗೆ ಮುನ್ನೂರು ಪಟ್ಟಿಗಿಂತ ಹೆಚ್ಚು ನೆನಪಿಟ್ಟುಕೊಳ್ಳುವ ತಲೆಯಿಲ್ಲ. ಮೂರು ಮೀಟರ್ ಆದಮೇಲೆ ಹೇಳಿದ್ದನ್ನೇ ಹೇಳಲು ಶುರುಮಾಡುತ್ತವೆ. ಯಜಮಾನರು ಕೈಚೆಲ್ಲಿದರು. ಮೇಸ್ತ್ರಿ ಅಜ್ಜಿಯ ಕಡೆ ಕೈ ತೋರಿಸಿ, “ಇದಂತೂ ಬಿಡಿ ಮೇಡಂ, ಇಪ್ಪತ್ತನಾಲ್ಕು ಪಟ್ಟಿಗೇ ಇದರ ಕಥೆ ಮುಗೀತು. ಒಂದು ಗೇಣು ದಾಟಿದ್ರೆ ಮತ್ತೆ ಅದೇ. ನೀವು ಕೇಳಿದ್ದು ನೇಯ್ಬೇಕಾದ್ರೆ ಇಲ್ಲಿಂದ ಬಸ್ ಸ್ಟಾಂಡ್ ತನಕ ಸರಪಳಿ ಬೇಕು,” ಎಂದು ನಕ್ಕ.

ಏಣಿಯ ಮೇಲಿಂದ ಸರಪಳಿಯಕ್ಕ ಹೇಳಿದಳು: “ಬೇಕಾಗಿಲ್ಲ. ಒಂದು ಸರಪಳಿಯಿಂದ ಒಂದು ಕೊಂಡಿ ತೆಗೆದು ಇನ್ನೊಂದಕ್ಕೆ ಹಾಕಿದ್ರೆ ಸಾಕು.”

ಎಲ್ಲರೂ ತಲೆ ಎತ್ತಿ ನೋಡಿದರು. ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. “ಅಕ್ಕ, ಮೊದಲೂ ಎಪ್ಪತ್ತೆರಡು ಕೊಂಡಿ, ಆಮೇಲೂ ಎಪ್ಪತ್ತೆರಡೇ ಕೊಂಡಿ. ಈ ಜೇಬಿನ ಚಿಲ್ಲರೆ ಆ ಜೇಬಿಗೆ ಹಾಕ್ಕೊಂಡ್ರೆ ಸಾಹುಕಾರ ಆಗ್ತೀವಾ?”

“ನಾಳೆ ಬೆಳಗ್ಗೆ ಹೇಳ್ತೀನಿ,” ಎಂದಳು ಅವಳು. ಮೇಡಂಗೆ ಬೇರೆ ಮಾತು ಬೇಕಿರಲಿಲ್ಲ. ನಾಳೆ ಬರುತ್ತೇನೆ ಎಂದು ಹೊರಟುಹೋದರು.

ಮರುದಿನ ಅವಳು ಮನೆಯ ಕಿಟಕಿಗಳನ್ನು ಬೆತ್ತಲೆ ಮಾಡಿ ಬಂದಳು. ಕಂಕುಳಲ್ಲಿ ಪರದೆಯ ಬಟ್ಟೆಯ ಸುರುಳಿ. ಆ ಬಟ್ಟೆಗೊಂದು ಹಿನ್ನೆಲೆ ಉಂಟು. ಹನ್ನೊಂದು ವರ್ಷದ ಹಿಂದೆ ಅಜ್ಜಿಯ ಮೊದಲನೇ ಸರಪಳಿಯಲ್ಲಿ ಒಂದು ಕೊಂಡಿ ಮುರಿದಿತ್ತು. ಬದಲಿ ಬರುವ ತನಕ ಇಪ್ಪತ್ತಮೂರರಲ್ಲೇ ಓಡಿಸಿದ್ದರು. ಆ ದಿನದ ಬಟ್ಟೆಯ ವಿನ್ಯಾಸ ಎಲ್ಲೆಲ್ಲೋ ಅಲೆದಾಡಿ ಹಾಳಾಯಿತೆಂದು ಮೂಲೆಗೆಸೆದರು. ಅದನ್ನು ಸರಪಳಿಯಕ್ಕ ಕೇಳಿ ಪಡೆದು, ಮನೆಯ ಕಿಟಕಿಗಳಿಗೆ ಹಾಕಿದ್ದಳು. ಕಣ್ಣೆದುರಿಗೆ ಇದ್ದದ್ದನ್ನು ಎಣಿಸದೆ ಬಿಡುವ ಹೆಂಗಸಲ್ಲ ಅವಳು. ಈ ಬಟ್ಟೆ ಎಲ್ಲಾದರೂ ಮೊದಲಿನ ಜಾಗಕ್ಕೆ ವಾಪಸ್ಸು ಬರುತ್ತದೋ ಇಲ್ಲವೋ ಎಂದು ನಾಲ್ಕು ಭಾನುವಾರ ನೆಲದ ಮೇಲೆ ಹಾಸಿಕೊಂಡು ಎಣಿಸಿದ್ದಳು. ಗಂಡ ಕೇಳಿದ್ದಕ್ಕೆ, “ಹೇನು ಹುಡುಕ್ತಿದೀನಿ,” ಎಂದಿದ್ದಳು.

ಕಾರ್ಖಾನೆಯ ಅಂಗಳದಲ್ಲಿ ಅವಳು ಪರದೆಗಳನ್ನು ಕತ್ತರಿಸಿದ ಕ್ರಮದಲ್ಲೇ ತುದಿಗೆ ತುದಿ ಸೇರಿಸಿ ಉದ್ದಕ್ಕೆ ಹಾಸಿದಳು. ಯಜಮಾನರು ಒಂದು ತುದಿಯಿಂದ ನಡೆಯುತ್ತ ಹೋದರು, ಮೇಡಂ ಬಗ್ಗಿ ನೋಡುತ್ತ ಹಿಂದೆ. ಐದು ಮೀಟರ್ ದಾಟಿದರೂ ಮೊದಲಿನ ವಿನ್ಯಾಸ ಮರಳಿ ಬರಲಿಲ್ಲ. ಐದೂವರೆ ಮೀಟರಿನ ಮೇಲೆ ಎರಡು ಸೆಂಟಿಮೀಟರಿಗೆ ಅವಳು, “ಇಲ್ಲಿ,” ಎಂದು ಕಾಲ್ಬೆರಳಲ್ಲಿ ತೋರಿಸಿದಳು. ಅಲ್ಲಿಂದ ಮುಂದೆ ಎಲ್ಲವೂ ಮೊದಲಿನ ಹಾಗೇ.

“ಇಪ್ಪತ್ತಮೂರು ಕೊಂಡಿಯ ಸರಪಳಿ, ಇಪ್ಪತ್ತನಾಲ್ಕು ಕೊಂಡಿಯ ಸರಪಳಿ,” ಎಂದು ಅವಳು ಶುರುಮಾಡಿದಳು. “ಚಿಕ್ಕದು ಒಂದು ಸುತ್ತು ಮುಗಿಸಿ ಬಂದಾಗ ಇನ್ನೊಂದು ಒಂದು ಹೆಜ್ಜೆ ಹಿಂದಿರತ್ತೆ. ಮತ್ತೊಂದು ಸುತ್ತಿಗೆ ಎರಡು ಹೆಜ್ಜೆ. ಎರಡೂ ಮತ್ತೆ ಒಟ್ಟಿಗೆ ಹೊರಟ ಬಾಗಿಲಿಗೆ, ಅಂದ್ರೆ ಮೊದಲನೇ ಕೊಂಡಿಗೆ, ಬರಬೇಕಾದ್ರೆ ಇಪ್ಪತ್ತಮೂರು ಇಪ್ಪತ್ತನಾಲ್ಕಲಿ ಐನೂರ ಐವತ್ತೆರಡು ಪಟ್ಟಿ ಆಗ್ಲೇಬೇಕು. ಎರಡನ್ನೂ ಸಮವಾಗಿ ಭಾಗಿಸೋ ಸಂಖ್ಯೆ ಒಂದು ಬಿಟ್ರೆ ಇನ್ನೊಂದಿಲ್ಲ, ಅದಕ್ಕೆ. ಅವತ್ತು ಮೂರನೇದೂ ಇಪ್ಪತ್ತನಾಲ್ಕೇ ಇತ್ತು, ಎರಡನೇದರ ಬಾಲ ಹಿಡ್ಕೊಂಡು ಹೋಯ್ತು. ಈಗ ಅದನ್ನ ಇಪ್ಪತ್ತೈದು ಮಾಡೋಣ. ಇಪ್ಪತ್ತೈದು ಈ ಇಬ್ಬರ ಜೊತೆಗೂ ಕೂಡೋ ಸಂಖ್ಯೆ ಅಲ್ಲ. ಐನೂರ ಐವತ್ತೆರಡು ಇಪ್ಪತ್ತೈದಲಿ ಎಷ್ಟು?”

ಮೇಡಂ ಫೋನಿನಲ್ಲಿ ಗುಣಿಸಿದರು. “ಹದಿಮೂರು ಸಾವಿರದ ಎಂಟುನೂರು.”

“ಅಷ್ಟು ಪಟ್ಟಿ ಆಗೋ ತನಕ ಮೂರೂ ಒಟ್ಟಿಗೆ ಬಾಗಿಲಿಗೆ ಬರಲ್ಲ. ಬಟ್ಟೆ ಹೇಳಿದ್ದನ್ನ ಮತ್ತೆ ಹೇಳಲ್ಲ.”

ಮೇಡಂ ಇನ್ನೊಂದು ಲೆಕ್ಕ ಮಾಡುತ್ತಿದ್ದರು. ನೂರಿಪ್ಪತ್ತು ಕುರ್ಚಿ, ಒಂದಕ್ಕೆ ನೂರಾ ಹದಿನೈದು ಪಟ್ಟಿ. ಫೋನನ್ನು ತಿರುಗಿಸಿ ಎಲ್ಲರಿಗೂ ತೋರಿಸಿದರು. ಅಲ್ಲೂ ಹದಿಮೂರು ಸಾವಿರದ ಎಂಟುನೂರು. ಒಂದು ಪಟ್ಟಿ ಹೆಚ್ಚಿಲ್ಲ, ಒಂದು ಪಟ್ಟಿ ಕಡಿಮೆಯಿಲ್ಲ.

ಮೇಸ್ತ್ರಿ ತಲೆ ಕೆರೆದುಕೊಂಡ. “ಕಾಗದದ ಮೇಲೆ ಎಲ್ಲಾ ಚೆನ್ನಾಗೇ ಇರತ್ತೆ,” ಎಂದ. ಮೇಸ್ತ್ರಿಗಳಿಗೆ ಒಂದು ಕಾಯಿಲೆಯಿದೆ, ತಮಗೆ ಹೊಳೆಯದ್ದು ಇನ್ನೊಬ್ಬರಿಗೆ ಹೊಳೆದರೆ ಅದರಲ್ಲಿ ಏನೋ ಊನ ಇರಲೇಬೇಕು ಎನ್ನುವುದು.

ಯಜಮಾನರು ಹೇಳಿದರು: “ಆಯ್ತು ಅಕ್ಕ. ನೇಯಿ. ಸಭಾಂಗಣದಲ್ಲಿ ಹಾಸಿ ಮೇಡಂ ಒಪ್ಪಿದ್ರೆ ಅಜ್ಜಿ ಉಳೀತಾಳೆ. ಎರಡು ಕುರ್ಚಿ ಒಂದೇ ಥರ ಇದೆ ಅಂತ ಅವರು ಬಾಯಿಬಿಟ್ರೆ, ಗುಜರಿಯವನು ಬರೋದು ಬರೋದೇ. ಆಮೇಲೆ ನನ್ನ ಹತ್ರ ಅತ್ತರೆ ಆಗಲ್ಲ.”

“ಯಾಕೆ ಅಳಲಿ?” ಎಂದಳು ಸರಪಳಿಯಕ್ಕ.

ನೂಲಿಗೆ ಬಣ್ಣ ಹಾಕಿಸಿದರು. ಒಂದೇ ಹಂಡೆಯಲ್ಲಿ ಹಾಕಿದ ಬಣ್ಣ. ಎರಡನೇ ಸಲ ಹಾಕಿದರೆ ಅದೇ ನೀಲಿ ಬರುವುದಿಲ್ಲ. ಹಾಗಾಗಿ ನೂಲು ಅಳೆದು ಸುರಿದ ಹಾಗೆ, ಹೆಚ್ಚೆಂದರೆ ಎರಡು ಮೀಟರಿಗಾಗುವಷ್ಟು ಮೇಲೆ. ಸರಪಳಿಯಕ್ಕ ಮೊದಲನೇ ಸರಪಳಿಯಿಂದ ಒಂದು ಕೊಂಡಿ ಬಿಡಿಸಿ ಮೂರನೆಯದಕ್ಕೆ ಸೇರಿಸಿದಳು. ಮೂರರದ್ದೂ ಮೊದಲ ಕೊಂಡಿಗೆ ಒಂದೊಂದು ಕೆಂಪು ದಾರ ಕಟ್ಟಿದಳು. ಮೊದಲನೇ, ಎರಡನೇ ಸರಪಳಿಗಳ ಕೆಂಪು ದಾರ ಜೊತೆಯಾಗಬೇಕಾದದ್ದು ಐನೂರ ಐವತ್ತೆರಡು ಪಟ್ಟಿ ಆದಮೇಲೆ. ಮೊದಲನೇ, ಮೂರನೇ ಸರಪಳಿಗಳದ್ದು ಐನೂರ ಎಪ್ಪತ್ತೈದಕ್ಕೆ. ಎರಡನೇ, ಮೂರನೇ ಸರಪಳಿಗಳದ್ದು ಆರುನೂರಕ್ಕೆ. ಈ ಮೂರು ಸಂಖ್ಯೆಗಳನ್ನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದು, ಮರುದಿನ ಬೆಳಗ್ಗೆ ಗುಂಡಿ ಒತ್ತಿದಳು.

ಮಧ್ಯಾಹ್ನ ಊಟಕ್ಕೆ ಏಳಬೇಕು ಎನ್ನುವಾಗ, ಎಷ್ಟು ಪಟ್ಟಿ ಆಯಿತೆಂದು ತೋರಿಸುವ ಎಣಿಕೆಯ ಡಬ್ಬಿ ನೋಡಿದಳು. ಮುನ್ನೂರ ಹನ್ನೆರಡು. ಅಭ್ಯಾಸಕ್ಕೆ ತಲೆ ಎತ್ತಿದಳು. ಎರಡನೇ, ಮೂರನೇ ಸರಪಳಿಗಳ ಕೆಂಪು ದಾರಗಳು ಅಕ್ಕಪಕ್ಕ ನಿಂತು ಅವಳನ್ನೇ ನೋಡುತ್ತಿದ್ದವು.

ಆರುನೂರಕ್ಕೆ ಬರಬೇಕಾದವು ಮುನ್ನೂರ ಹನ್ನೆರಡಕ್ಕೇ ಬಂದರೆ ಏನರ್ಥ? ಅಜ್ಜಿಯನ್ನು ನಿಲ್ಲಿಸಿ ಏಣಿ ಹತ್ತಿ ಎಣಿಸಿದಳು. ಮೂರನೇ ಸರಪಳಿಯಲ್ಲಿ ಇಪ್ಪತ್ತಾರು ಕೊಂಡಿ. ಇನ್ನೊಮ್ಮೆ ಎಣಿಸಿದಳು. ಇಪ್ಪತ್ತಾರೇ. ಇಪ್ಪತ್ತಾರನೇ ಕೊಂಡಿ ಹೊಚ್ಚ ಹೊಸದು, ಎಣ್ಣೆ ಹಚ್ಚಿ ಫಳಫಳ ಹೊಳೆಯುತ್ತಿತ್ತು. ಅಷ್ಟು ಚೊಕ್ಕಟವಾಗಿ ಕೊಂಡಿ ಕೂರಿಸುವವನು ಇಡೀ ಕಾರ್ಖಾನೆಯಲ್ಲಿ ಒಬ್ಬನೇ, ಮೆಕ್ಯಾನಿಕ್. ಅವನು ಅವಳ ಸ್ವಂತ ಮೈದುನ.

“ಏ, ಇಲ್ಲಿ ಬಾರೋ!”

ಮೈದುನ ಕೈ ಒರೆಸಿಕೊಳ್ಳುತ್ತ ಬಂದ. ಮುಖದಲ್ಲಿ ಉಡುಗೊರೆ ಕೊಟ್ಟವನ ನಗು. “ನೋಡಿದ್ರಾ ಅತ್ತಿಗೆ? ನಿಮಗೆ ಹೇಳಬಾರದು ಅಂತಿದ್ದೆ. ನಿನ್ನೆ ಸಂಜೆ ನೀವು ಹೋದಮೇಲೆ ಹಾಕಿದೆ.”

“ಯಾಕೋ ಹಾಕಿದೆ?”

“ಇಪ್ಪತ್ತೈದಕ್ಕಿಂತ ಇಪ್ಪತ್ತಾರು ದೊಡ್ಡದಲ್ವಾ? ಗುಣಿಸಿ ನೋಡಿದೀನಿ. ಹದಿನಾಲ್ಕು ಸಾವಿರದ ಮುನ್ನೂರ ಐವತ್ತೆರಡು ಬರತ್ತೆ. ಐನೂರು ಚಿಲ್ಲರೆ ಪಟ್ಟಿ ಕೈಯಲ್ಲಿ ಹೆಚ್ಚಿಗೆ ಇರಲಿ, ಆ ಮೇಸ್ತ್ರಿ ಬಾಯಿ ಮುಚ್ಚಲಿ ಅಂತ.”

ಅವಳಿಗೆ ಅವನ ಕಪಾಳಕ್ಕೆ ಬಿಡಬೇಕೆನಿಸಿತು. ಮಗುವಿನ ಹಾಗೆ ನಿಂತಿದ್ದಾನೆ, ಬಿಡುವುದು ಹೇಗೆ? “ಇಪ್ಪತ್ತನಾಲ್ಕೂ ಸರಿಸಂಖ್ಯೆ, ಇಪ್ಪತ್ತಾರೂ ಸರಿಸಂಖ್ಯೆ,” ಎಂದಳು ಹಲ್ಲು ಕಚ್ಚಿ. “ಎರಡರ ಒಳಗೂ ಎರಡು ಕೂತಿದೆ. ಅವು ಅರ್ಧ ದಾರೀಲೇ ಕೈ ಕೈ ಹಿಡ್ಕೊಳ್ತವೆ. ನಿನ್ನ ಹದಿನಾಲ್ಕು ಸಾವಿರದಲ್ಲಿ ಅರ್ಧ ಮಾಡು, ಏಳು ಸಾವಿರದ ನೂರ ಎಪ್ಪತ್ತಾರು. ಅಲ್ಲಿಗೆ ಬಟ್ಟೆ ಮೊದಲಿಗೆ ವಾಪಸ್ಸು. ಅರವತ್ತಮೂರನೇ ಕುರ್ಚಿಯ ನಡುವಿಂದ ಶುರು, ಮೊದಲನೇ ಕುರ್ಚಿಯ ವಿನ್ಯಾಸ ಅಲ್ಲಿ ಹಾಜರು. ನೀನು ಸೇರಿಸಿದ್ದು ಒಂದು ಕೊಂಡಿ, ಕಳೆದಿದ್ದು ಅರ್ಧ ಬಟ್ಟೆ.”

ಮೈದುನನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಏಣಿ ಹತ್ತಿ ಆ ಕೊಂಡಿ ಬಿಚ್ಚಿದ.

ಗಲಾಟೆ ಕೇಳಿ ಮೇಸ್ತ್ರಿ ಬಂದಿದ್ದ. ನ್ಯಾಯವಾಗಿ ಹೇಳಬೇಕೆಂದರೆ ಆ ಹೊತ್ತು ಅವನು ಕುಹಕವಾಡಲಿಲ್ಲ. “ಈಗ ಸರಿಯಾಯ್ತಲ್ಲ ಅಕ್ಕ, ಇಲ್ಲಿಂದ ಮುಂದೆ ಇಪ್ಪತ್ತೈದರಲ್ಲಿ ಹೊಡಿ. ಮೂರು ಮೀಟರ್ ತಾನೇ, ಅದರಲ್ಲಿ ಯಾರು ಕಣ್ಣು ಹಾಕ್ತಾರೆ?”

“ಆಗಲ್ಲ.”

“ಅದೇ ಮೂರು ಮೀಟರ್ ಬೇರೆ ಕಡೆ ಬಂದೇ ಬರತ್ತೆ ಅಂತ ಏನು?”

“ಬರದೇನೂ ಇರಬಹುದು. ‘ಬಹುದು’ ಅಂತ ಹೇಳೋಕೆ ನಾನ್ಯಾಕೆ ಬೇಕು? ಮೊದಲಿಂದ ಕೊನೇ ತನಕ ಒಂದೇ ನಡಿಗೆಯಲ್ಲಿ ನಡೆದ್ರೆ ಮಾತ್ರ ಆ ಸಂಖ್ಯೆ ನನ್ನ ಪರವಾಗಿ ನಿಲ್ಲತ್ತೆ. ನಡುವೆ ಒಂದು ತೇಪೆ ಹಾಕಿದ್ರೆ ಅದು ಕೈಬಿಡತ್ತೆ. ಕತ್ತರಿಸಿ ಎಸೆಯೋಣ ಅಂದ್ರೆ ನೂಲಿಲ್ಲ. ಬಿಚ್ಚಬೇಕು.”

ಒಂದು ಪಟ್ಟಿಗೆ ಹನ್ನೆರಡು ಅಡ್ಡನೂಲು. ಮುನ್ನೂರ ಹನ್ನೆರಡು ಪಟ್ಟಿಗೆ ಮೂರು ಸಾವಿರದ ಏಳುನೂರ ನಲವತ್ತನಾಲ್ಕು. ಒಂದೊಂದನ್ನೂ ತುಂಡಾಗದ ಹಾಗೆ ಹಿಂದಕ್ಕೆ ಎಳೆದು ಮತ್ತೆ ಉಂಡೆ ಸುತ್ತಬೇಕು. ನೇಯುವುದಕ್ಕೆ ಒಂದು ಬೆಳಗ್ಗೆ ಹಿಡಿದದ್ದನ್ನು ಬಿಚ್ಚುವುದಕ್ಕೆ ಮೂರು ದಿನ ಹಿಡಿಯಿತು. ಅವಳು ಎಳೆದಳು, ಮೈದುನ ಸುತ್ತಿದ. ಎರಡನೇ ದಿನ ಅವನು, “ಅತ್ತಿಗೆ, ಇಪ್ಪತ್ತೇಳು ಹಾಕಿದ್ರೆ?” ಎಂದ. “ಇಪ್ಪತ್ತೇಳು ಮತ್ತೆ ಇಪ್ಪತ್ತನಾಲ್ಕರ ಒಳಗೆ ಮೂರು ಕೂತಿದೆ, ಸುಮ್ನೆ ಸುತ್ತು,” ಎಂದಳು. ಮೂರನೇ ದಿನ ಅವಳ ಬೆರಳ ತುದಿಗಳಲ್ಲಿ ಚರ್ಮ ಸುಲಿದಿತ್ತು. ಬೆರಳಿಗೆ ಚಿಂದಿ ಸುತ್ತಿಕೊಂಡು ಎಳೆದಳು. ಬಟ್ಟೆ ಮಡಚುವ ಕಡೆಯ ಹೆಂಗಸರು ಊಟದ ಡಬ್ಬಿ ಹಿಡಿದು ಬಂದು, ಇವಳಿಗೆ ತಲೆ ಕೆಟ್ಟಿದೆ ಎಂದು ಕಣ್ಣಲ್ಲೇ ಮಾತಾಡಿಕೊಂಡರು. ಅವಳು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ, ಕಣ್ಣ ಮೇಲೂ ಹಾಕಿಕೊಳ್ಳಲಿಲ್ಲ.

ಮತ್ತೆ ಸೊನ್ನೆಯಿಂದ ಶುರು. ಈ ಸಲ ಐನೂರ ಐವತ್ತೆರಡಕ್ಕೆ ಮೊದಲ ಜೋಡಿ ಕೂಡಿತು. ಐನೂರ ಎಪ್ಪತ್ತೈದಕ್ಕೆ ಎರಡನೆಯದು. ಆರುನೂರಕ್ಕೆ ಮೂರನೆಯದು. ಗೋಡೆಯ ಮೇಲಿನ ಮೂರೂ ಸಂಖ್ಯೆಗಳಿಗೆ ಅವಳು ಅಡ್ಡಗೀಟು ಎಳೆದಳು, ಮೇಸ್ತ್ರಿಯ ಕಣ್ಣೆದುರಿಗೇ. ಕಳೆದುಹೋದ ಮೂರು ದಿನವನ್ನು ಊಟದ ಹೊತ್ತಿನಲ್ಲಿ ತುಂಬಿದಳು. ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈ ಅಜ್ಜಿಯ ಗುಂಡಿಯ ಮೇಲೆ. ದಿನಕ್ಕೆ ಎಂಟುನೂರು, ಒಂಬೈನೂರು ಪಟ್ಟಿ. ಎಣಿಕೆಯ ಡಬ್ಬಿ ಐದು ಸಾವಿರ ದಾಟಿತು, ಹತ್ತು ಸಾವಿರ ದಾಟಿತು.

ಹದಿಮೂರು ಸಾವಿರದ ಐನೂರಕ್ಕೆ ಬಂದಾಗ ಅವಳ ಸೊಂಟ ಹಿಡಿದುಕೊಂಡಿತು. ಹಾಗೆ ಹೀಗೆ ಹಿಡಿದದ್ದಲ್ಲ. ನಿಂತವಳು ಕೂರಲಾಗದೆ, ಕೂತವಳು ಏಳಲಾಗದೆ, ಮೈದುನ ಎತ್ತಿಕೊಂಡೇ ಮನೆಗೆ ಸಾಗಿಸಬೇಕಾಯಿತು. ಕೊನೆಯ ಮುನ್ನೂರು ಪಟ್ಟಿ ಮೇಸ್ತ್ರಿಯೇ ನೇಯ್ದ. ಬಟ್ಟೆ ಕತ್ತರಿಸಿದ್ದು, ಕಟ್ಟು ಕಟ್ಟಿದ್ದು, ವ್ಯಾನಿಗೆ ಹಾಕಿದ್ದು ಯಾವುದನ್ನೂ ಅವಳು ಕಣ್ಣಾರೆ ಕಾಣಲಿಲ್ಲ. ಹಾಸಿಗೆಯ ಮೇಲೆ ಬಿದ್ದುಕೊಂಡು, ಹದಿಮೂರು ಸಾವಿರದ ಎಂಟುನೂರಕ್ಕೆ ಮೂರೂ ಕೆಂಪು ದಾರ ಒಟ್ಟಿಗೆ ಬಂದವಾ ಎಂದು ಮೈದುನನನ್ನು ಕೇಳಿದಳು. ಮೇಸ್ತ್ರಿ ಯಾರನ್ನೂ ಹತ್ತಿರ ಬಿಟ್ಟಿರಲಿಲ್ಲ, ತಾನೂ ತಲೆ ಎತ್ತಿ ನೋಡಿರಲಿಲ್ಲ. ನಡುವೆ ಎಲ್ಲಾದರೂ ಒಂದು ಸಲ ಕೊಂಡಿ ಜಾರಿದ್ದರೆ? ಆ ಯೋಚನೆ ಎರಡು ದಿನ ಅವಳ ಜೊತೆಯಲ್ಲೇ ಮಲಗಿತು.

ಮೂವತ್ತನೇ ತಾರೀಖು, ಬೆಳಗ್ಗೆ ಹತ್ತು ಗಂಟೆ. ಅವಳು ಸೊಂಟಕ್ಕೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಮೈದುನನ ಹೆಗಲು ಹಿಡಿದು ಸಭಾಂಗಣಕ್ಕೆ ಹೋದಳು. ಯಜಮಾನರು, ಮೇಸ್ತ್ರಿ, ಮೇಡಂ ಆಗಲೇ ಇದ್ದರು. ಹತ್ತು ಸಾಲು, ಸಾಲಿಗೆ ಹನ್ನೆರಡು ಕುರ್ಚಿ. ಕುಶನ್ ಕೆಲಸದವರು ಕೈಗೆ ಸಿಕ್ಕಿದ ತುಂಡನ್ನು ಸಿಕ್ಕಿದ ಕುರ್ಚಿಯ ಮೇಲೆ ಹಾಸಿದ್ದರು. ಕತ್ತರಿಸುವಾಗ ತುಂಡುಗಳ ಹಿಂಬದಿಯಲ್ಲಿ ಸೀಮೆಸುಣ್ಣದಲ್ಲಿ ಬರೆದಿದ್ದ ಕ್ರಮಸಂಖ್ಯೆಗಳನ್ನು ಧೂಳಾಗುತ್ತದೆಂದು ಉಜ್ಜಿ ತೆಗೆದಿದ್ದರು.

ಬಾಗಿಲಿಗೆ ಬಂದು ನೋಡಿದವಳು ಅಲ್ಲೇ ನಿಂತುಬಿಟ್ಟಳು. ಎಲ್ಲ ಕುರ್ಚಿಗಳ ನೀಲಿ, ಬೂದಿ ಒಂದೇ ಎತ್ತರಕ್ಕೆ ಒಂದೇ ಥರ ಇತ್ತು. ಒಂದನೇ ಸಾಲಿನಿಂದ ಹತ್ತನೇ ಸಾಲಿನವರೆಗೆ ಬಟ್ಟೆಯ ನೆಲದ ಬಣ್ಣದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಇಪ್ಪತ್ತಮೂರರ ಸರಪಳಿ ಕೆಟ್ಟಿತೇ? ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಇಪ್ಪತ್ತಮೂರು ಐದಲಿ ನೂರಾ ಹದಿನೈದು. ಕುರ್ಚಿಯ ಅಳತೆಯೇ ನೂರಾ ಹದಿನೈದು! ಐದು ಸುತ್ತು ಮುಗಿಸಿ ಮೊದಲನೇ ಸರಪಳಿ ಪ್ರತಿ ಕುರ್ಚಿಯನ್ನೂ ಮೊದಲನೇ ಕೊಂಡಿಯಿಂದಲೇ ಶುರುಮಾಡಿದೆ. ಕೆಟ್ಟಿಲ್ಲ, ಒಂದು ಹೆಜ್ಜೆಯೂ ತಪ್ಪದೆ ನಡೆದಿದೆ. ಬೇರೆಯಾಗಬೇಕಾದದ್ದು ಹಳದಿ ಗೆರೆ ಮತ್ತು ಚುಕ್ಕೆ. ಹತ್ತಿರ ಹೋಗಿ ನೋಡಿದಳು, ಬೇರೆಯಾಗಿದ್ದವು.

“ನೆಲದ ಬಣ್ಣ ಒಂದೇ ಇರೋದು ಚೆನ್ನಾಗಿದೆ,” ಎಂದರು ಮೇಡಂ. “ಒಂದೇ ಮನೆಯ ಅಕ್ಕತಂಗಿಯರ ಥರ ಇದೆ. ಆದರೆ ಅಕ್ಕ, ಇಲ್ಲಿ ಬನ್ನಿ.”

ಅವರ ಕೈಯಲ್ಲೊಂದು ತುಂಡು ಇತ್ತು. ಏಳನೇ ಸಾಲಿನ ನಾಲ್ಕನೇ ಕುರ್ಚಿಯ ಮೇಲೆ ಅದನ್ನು ಹಾಸಿ ತೋರಿಸಿದರು. ಕೆಳಗಿನದು, ಮೇಲಿನದು; ಗೆರೆಗೆ ಗೆರೆ, ಚುಕ್ಕೆಗೆ ಚುಕ್ಕೆ. ಮೊದಲ ಪಟ್ಟಿಯಿಂದ ಕೊನೆಯ ಪಟ್ಟಿಯವರೆಗೆ ಒಂದು ಕೂದಲೆಳೆಯ ವ್ಯತ್ಯಾಸವಿಲ್ಲ.

“ಇವೆರಡೂ ಒಂದೇ,” ಎಂದರು ಮೇಡಂ.

ಯಜಮಾನರು ಉಸಿರು ಬಿಟ್ಟು ಬೇರೆ ಕಡೆ ನೋಡಿದರು. ಮೇಸ್ತ್ರಿ ನೆಲ ನೋಡಿದ. ಮೈದುನ ಅತ್ತಿಗೆಯ ಕೈ ಹಿಡಿದುಕೊಂಡ. ಅವಳು ಕೈ ಬಿಡಿಸಿಕೊಂಡು ಎರಡು ತುಂಡನ್ನೂ ಕಣ್ಣಿಗೆ ಹತ್ತಿರ ತಂದುಕೊಂಡಳು. ಎರಡರ ಮೊದಲ ಪಟ್ಟಿಯನ್ನೂ ಓದಿದಳು. ನೆಲ, ಮೊದಲ ಕೊಂಡಿ. ಗೆರೆ, ಮೊದಲ ಕೊಂಡಿ. ಚುಕ್ಕೆ, ಮೊದಲ ಕೊಂಡಿ. ಮೂರೂ ಬಾಗಿಲಲ್ಲಿವೆ. ಇದು ಬಟ್ಟೆಯ ಶುರು. ಶುರು ಎರಡು ಸಲ ಹೇಗೆ ಬಂತು?

“ಕುರ್ಚಿಗಳ ಮೇಲೆಲ್ಲ ಬಟ್ಟೆ ಇದೆ,” ಎಂದಳು ನಿಧಾನವಾಗಿ. “ಹಾಗಾದ್ರೆ ನಿಮ್ಮ ಕೈಯಲ್ಲಿರೋದು ಎಲ್ಲಿಂದ ಬಂತು ಮೇಡಂ?”

“ಇದು ಒಂದು ಉಳೀತು. ಎಲ್ಲಿ ಹಾಕೋದು ಅಂತ ನೋಡ್ತಿದ್ದೆ, ಆಗ ಸಿಕ್ಕಿತು.”

“ಎಷ್ಟು ತುಂಡು ಕತ್ತರಿಸಿದೆ?” ಎಂದು ಅವಳು ಮೇಸ್ತ್ರಿಯ ಕಡೆ ತಿರುಗಿದಳು.

“ನೂರಿಪ್ಪತ್ತೊಂದು,” ಎಂದ ಮೇಸ್ತ್ರಿ. “ಕೈತಪ್ಪಿಗೆ ಅಂತ ಕೊನೇಲಿ ಒಂದು ತುಂಡು ಹೆಚ್ಚಿಗೆ ನೇಯೋದು ನಮ್ಮಲ್ಲಿ ಯಾವಾಗಲೂ ಇರೋದೇ ಅಲ್ವಾ? ನೂಲೂ ಇತ್ತು. ನೇಯ್ದೆ.”

ಸರಪಳಿಯಕ್ಕ ಪಕ್ಕದ ಕುರ್ಚಿಯ ಬೆನ್ನು ಹಿಡಿದುಕೊಂಡಳು. ನಗು ಬಂತು. ಸೊಂಟ ಚುಳ್ಳೆಂದರೂ ನಗು ನಿಲ್ಲಲಿಲ್ಲ.

“ಮೇಡಂ, ಇದು ನೂರಿಪ್ಪತ್ತೊಂದನೇದು. ಅದು ಒಂದನೇದು. ನೂರಿಪ್ಪತ್ತು ಕುರ್ಚಿ ಅಂದ್ರೆ ಹದಿಮೂರು ಸಾವಿರದ ಎಂಟುನೂರು ಪಟ್ಟಿ ಮುಗೀತು, ಮೂರೂ ಸರಪಳಿ ಬಾಗಿಲಿಗೆ ಬಂದವು, ಬಟ್ಟೆ ಮೊದಲಿಂದ ಶುರುವಾಯ್ತು. ನಾನು ಹೇಳಿದ ಜಾಗದಲ್ಲೇ ವಾಪಸ್ಸು ಬಂದಿದೆ. ನಡುವೆ ಒಂದು ಕೊಂಡಿ ಜಾರಿದ್ರೂ ಇವೆರಡೂ ಹೀಗೆ ಹೊಂದ್ತಾ ಇರಲಿಲ್ಲ.”

ಮೇಡಂ ಸುಲಭಕ್ಕೆ ಬಗ್ಗುವವರಲ್ಲ. “ಇದು ಸರಿ. ಇನ್ನೆಲ್ಲೂ ಜೋಡಿ ಇಲ್ಲ ಅಂತ ಹೇಗೆ ನಂಬೋದು? ನೂರಿಪ್ಪತ್ತರಲ್ಲಿ ಒಂದೊಂದನ್ನೂ ಒಂದೊಂದರ ಜೊತೆ ಇಟ್ಟು ನೋಡಿದ್ರೆ ಏಳು ಸಾವಿರದ ಚಿಲ್ಲರೆ ಸಲ ಆಗತ್ತೆ.”

“ಅಷ್ಟು ಬೇಡ,” ಎಂದಳು ಅವಳು. ಇದನ್ನು ಅವಳು ಯೋಚಿಸಿದ್ದು ಹಾಸಿಗೆಯ ಮೇಲೆ, ನೋವಿನಲ್ಲಿ. “ಮೂರು ಸರಪಳಿಯೂ ದಾರಿ ಬದಲಾಯಿಸಲ್ಲ, ಸುಮ್ನೆ ಸುತ್ತುತ್ತವೆ. ಹದಿನೇಳನೇ ಕುರ್ಚಿಯ ವಿನ್ಯಾಸ ತೊಂಬತ್ತನೇದರಲ್ಲಿ ಬಂತು ಅಂದ್ರೆ ಆ ಎರಡರ ನಡುವೆ ಮೂರೂ ಪೂರ್ತಿ ಸುತ್ತು ಮುಗಿಸಿರಬೇಕು. ಹಾಗಿದ್ರೆ ಮೊದಲನೇದೂ ಅಷ್ಟೇ ದೂರಕ್ಕೆ ಮತ್ತೆ ಬಂದಿರಲೇಬೇಕು. ಮೊದಲನೇದಕ್ಕೆ ಜೋಡಿ ಇಲ್ಲ ಅಂದ್ರೆ ಯಾವುದಕ್ಕೂ ಜೋಡಿ ಇಲ್ಲ. ಅದೊಂದನ್ನ ಹುಡುಕಿ ಸಾಕು. ನಿಮ್ಮ ಕೈಯಲ್ಲಿರೋ ತುಂಡೇ ಅಳತೆಕೋಲು.”

ಮೇಡಂ ತುಂಡನ್ನು ಮೊದಲ ಮೊಳಕ್ಕೆ ಮಡಚಿ, ಮೊದಲ ಕುರ್ಚಿಯ ಮೇಲೆ ಇಟ್ಟು, ಒಂದೊಂದೇ ಪಟ್ಟಿ ಕೆಳಗೆ ಸರಿಸತೊಡಗಿದರು. ನೆಲದ ಬಣ್ಣ ಹೊಂದಿದ ಕಡೆ ಗೆರೆ ಹೊಂದಲಿಲ್ಲ. ಗೆರೆ ಹೊಂದಿದ ಕಡೆ ಚುಕ್ಕೆ ಕೈಕೊಟ್ಟಿತು. ಎರಡನೇ ಕುರ್ಚಿ. ಮೂರನೇ ಕುರ್ಚಿ. ಮಧ್ಯಾಹ್ನದ ಊಟಕ್ಕೆ ಯಾರೂ ಏಳಲಿಲ್ಲ. ನಾಲ್ಕನೇ ಸಾಲಿನ ಹೊತ್ತಿಗೆ ಮೇಸ್ತ್ರಿಯೂ ಮಂಡಿಯೂರಿ ಕೂತು ಕುರ್ಚಿಗಳ ಇನ್ನೊಂದು ಬದಿಯಿಂದ ನೋಡುತ್ತಿದ್ದ. ಪುಣ್ಯಾತ್ಮ, ಒಮ್ಮೆ ಹೊಂದಿತು ಎಂದು ಗಾಬರಿಯಾಗಿ ಕೂಗಿಯೂ ಬಿಟ್ಟ. ಅದು ಏಳನೇ ಸಾಲಿನ ನಾಲ್ಕನೇ ಕುರ್ಚಿ, ಒಂದನೇ ತುಂಡು. “ಅದನ್ನ ಆಗಲೇ ನೋಡಿಯಾಯ್ತಲ್ಲೋ,” ಎಂದು ಯಜಮಾನರೇ ಗದರಿದರು.

ಕೊನೆಯ ಕುರ್ಚಿಯ ಕೊನೆಯ ಪಟ್ಟಿ ಮುಗಿಸಿ ಮೇಡಂ ಬೆನ್ನು ನೆಟ್ಟಗೆ ಮಾಡಿದಾಗ ಗಂಟೆ ನಾಲ್ಕೂವರೆ.

“ಇಲ್ಲ,” ಎಂದರು. “ಎಲ್ಲೂ ಇಲ್ಲ. ನಾಳೆಯೇ ಕುರ್ಚಿಗೆ ಹೊಲಿಸ್ತೀನಿ.”

ಯಜಮಾನರು ಜೇಬಿನಿಂದ ಫೋನ್ ತೆಗೆದರು. ಗುಜರಿಯವನ ಜೊತೆ ಮಾತು ಎರಡೇ ನಿಮಿಷ: ಬರೋದು ಬೇಡ, ನಾಳೆಯೂ ಬೇಡ, ಮುಂದೂ ಬೇಡ, ಇಲ್ಲಪ್ಪ, ಹೆಚ್ಚಿಗೆ ಕೊಡ್ತೀನಿ ಅಂದ್ರೂ ಬೇಡ. ಫೋನ್ ಒಳಗಿಟ್ಟು ಸರಪಳಿಯಕ್ಕನ ಹತ್ತಿರ ಬಂದು ನಿಂತರು. ದೊಡ್ಡ ಮನುಷ್ಯರಿಗೆ ತಪ್ಪು ಒಪ್ಪಿಕೊಳ್ಳುವುದಕ್ಕೆ ಮಾತು ಸಿಗುವುದಿಲ್ಲ, ಹಾಗಾಗಿ ಕೆಲಸದ ಮಾತೇ ಆಡುತ್ತಾರೆ.

“ಪ್ಯಾಕಿಂಗ್ ಟೇಬಲ್‌ಗೆ ಬೇರೆ ಜಾಗ ನೋಡ್ಕೊಳ್ತೀವಿ. ಅಜ್ಜಿನ ಎಲ್ಲಿಡೋಣ ಹೇಳು ಅಕ್ಕ. ಕಿಟಕಿ ಹತ್ರ ಬೇಕಾ?”

ಅವಳು ಉತ್ತರ ಕೊಡಲು ಬಾಯಿ ತೆರೆದಳು. ಅಳುವುದಿಲ್ಲ ಎಂದಿದ್ದವಳು ಎಲ್ಲರೆದುರಿಗೆ, ಇನ್ನೂ ಹೊಲಿಗೆ ಬೀಳದ ಕುರ್ಚಿಯ ಮೇಲೆ ಕೂತು ಗಳಗಳನೆ ಅತ್ತಳು. ಬಟ್ಟೆಗೆ ಕಣ್ಣೀರು ಬೀಳದ ಹಾಗೆ ಮಾತ್ರ ಮುಖ ಪಕ್ಕಕ್ಕೆ ಹಿಡಿದಿದ್ದಳು.

“ಇದ್ದಲ್ಲೇ ಇರಲಿ,” ಎಂದಳು.